ಸ್ನೋ ಬ್ಲೋವರ್

ಸ್ನೋ ಬ್ಲೋವರ್ ಎಂಬುದು ರಸ್ತೆ, ಕಾಲುದಾರಿ ಮತ್ತು ಮನೆಯಂಗಳದಲ್ಲಿ ಬಿದ್ದ ಹಿಮವನ್ನು ಒಳಗೆಳೆದುಕೊಂಡು ದೂರಕ್ಕೆ ಎಸೆಯುವ ಯಂತ್ರ. ಕೆನಡಾ, ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗ, ಸ್ಕ್ಯಾಂಡಿನೇವಿಯಾ ಹಾಗೂ ಜಪಾನಿನ ಹಿಮಪ್ರದೇಶಗಳಲ್ಲಿ ಇದು ಬಳಕೆಯಲ್ಲಿದೆ. ವಿದ್ಯುತ್ ಚಾಲಿತ ಮಾದರಿಗಳೂ ಇವೆ; ಈ ಲೇಖನವು ಮನೆಬಳಕೆಯ ಪೆಟ್ರೋಲ್ ಚಾಲಿತ ಯಂತ್ರದ ಸಂಗ್ರಹಣೆ, ನಿರ್ವಹಣೆ ಮತ್ತು ದೋಷ ಪರಿಹಾರವನ್ನು ಕುರಿತದ್ದು. ಯಂತ್ರವು ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವುದರಿಂದ, ಚಳಿಗಾಲದಲ್ಲಿ ಕಾಣಿಸಿಕೊಳ್ಳುವ ಅನೇಕ ದೋಷಗಳಿಗೆ ಬೇಸಿಗೆಯ ಸಂಗ್ರಹಣೆಯೇ ಮೂಲವಾಗಿರುತ್ತದೆ.

ಇತಿಹಾಸ

ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ 1925ರಲ್ಲಿ ಹಿಮ ಎಸೆಯುವ ಸ್ವಯಂಚಾಲಿತ ವಾಹನವೊಂದನ್ನು ನಿರ್ಮಿಸಿದರು. ಒಬ್ಬರೇ ಹಿಡಿದು ನಡೆಸಬಹುದಾದ ಸಣ್ಣ ಯಂತ್ರಗಳು 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದವು.

ರಚನೆ

ಯಂತ್ರದ ಮುಂಭಾಗದಲ್ಲಿ ತಿರುಪಿನಾಕಾರದ ಆಗರ್ ಇರುತ್ತದೆ. ಒಂದು ಹಂತದ ಯಂತ್ರದಲ್ಲಿ ಆಗರ್ ತಾನೇ ಹಿಮವನ್ನು ಬಾಚಿ, ಚ್ಯೂಟ್ ಎಂಬ ಕೊಳವೆಯ ಮೂಲಕ ಎಸೆಯುತ್ತದೆ. ಎರಡು ಹಂತದ ಯಂತ್ರದಲ್ಲಿ ಆಗರ್ ಹಿಮವನ್ನು ನಡುವಿಗೆ ತಳ್ಳುತ್ತದೆ. ಅದರ ಹಿಂದಿರುವ ಇಂಪೆಲ್ಲರ್ ಎಂಬ ಚಕ್ರವು ಎಸೆಯುತ್ತದೆ. ಎರಡು ಹಂತದ ಯಂತ್ರಗಳಲ್ಲಿ ಆಗರ್ ಅನ್ನು ಅದರ ದಂಡಕ್ಕೆ ಜೋಡಿಸುವ ಶಿಯರ್ ಪಿನ್ನುಗಳು ಬೇಕೆಂದೇ ದುರ್ಬಲವಾಗಿರುತ್ತವೆ. ಕಲ್ಲು ಅಥವಾ ಮಂಜುಗಡ್ಡೆ ಸಿಕ್ಕಿದಾಗ ಪಿನ್ನು ಮುರಿದು ಬೆಲೆಬಾಳುವ ಗೇರ್‌ಬಾಕ್ಸ್ ಉಳಿಯುತ್ತದೆ.

ಸಂಗ್ರಹಣೆ

ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಿಂದ ಬೇಗ ಆವಿಯಾಗುವ ಅಂಶಗಳು ಹಾರಿಹೋಗುತ್ತವೆ. ಉಳಿದದ್ದು ಆಮ್ಲಜನಕದೊಡನೆ ವರ್ತಿಸಿ ಅಂಟಾಗುತ್ತದೆ. ಈ ಅಂಟು ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲು ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲ್ ಮತ್ತು ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ.

ಇದನ್ನು ತಡೆಯಲು ಎರಡು ವಿಧಾನಗಳಿವೆ. ಮೊದಲನೆಯದು, ಹೊಸ ಪೆಟ್ರೋಲಿಗೆ ಇಂಧನ ಸ್ಥಿರಕಾರಿ ದ್ರಾವಣವನ್ನು ಬೆರೆಸಿ, ಅದು ಕಾರ್ಬ್ಯುರೇಟರನ್ನು ತಲುಪುವಂತೆ ಎಂಜಿನನ್ನು ಕೆಲವು ನಿಮಿಷ ಓಡಿಸುವುದು. ಎರಡನೆಯದು, ಟ್ಯಾಂಕನ್ನು ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು. ಆ ಬಳಿಕವೂ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸ್ವಲ್ಪ ಇಂಧನ ಉಳಿಯುವುದರಿಂದ ಅದನ್ನೂ ಹೊರಹರಿಸಬೇಕು. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬಾರದು.

ಯಂತ್ರವನ್ನು ತೊಳೆದು ಒಣಗಿಸಿ, ಬಣ್ಣ ಹೋದ ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವ ಒಣ ಸ್ಥಳದಲ್ಲಿ ಇಡಬೇಕು. ಇಂಧನವಿರುವ ಯಂತ್ರದ ಬಳಿ ಬೆಂಕಿಯಾಗಲಿ ಜ್ವಾಲೆಯಿರುವ ಉಪಕರಣವಾಗಲಿ ಇರಬಾರದು.

ನಿರ್ವಹಣೆ

ನಾಲ್ಕು ಹೊಡೆತದ ಎಂಜಿನಿನ ಎಣ್ಣೆಯನ್ನು ಪ್ರತಿ ಋತುವಿಗೊಮ್ಮೆಯಾದರೂ ಬದಲಿಸುವುದು ರೂಢಿ. ಚಳಿಯಲ್ಲಿಯೂ ಗಟ್ಟಿಯಾಗದ 5ಡಬ್ಲ್ಯೂ-30 ದರ್ಜೆಯ ಎಣ್ಣೆ ಸಾಮಾನ್ಯ ಬಳಕೆಯಲ್ಲಿದೆ. ಎರಡು ಹೊಡೆತದ ಹಳೆಯ ಯಂತ್ರಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಪ್ರಮಾಣವನ್ನು ಕೈಪಿಡಿಯಲ್ಲಿ ನೋಡಬೇಕು. ಹಿಮದಲ್ಲಿ ಧೂಳು ಕಡಿಮೆಯಿರುವುದರಿಂದಲೂ, ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟುವ ಸಂಭವವಿರುವುದರಿಂದಲೂ ಈ ಎಂಜಿನುಗಳಲ್ಲಿ ಸಾಮಾನ್ಯವಾಗಿ ಗಾಳಿ ಫಿಲ್ಟರ್ ಇರುವುದಿಲ್ಲ.

ಶಿಯರ್ ಪಿನ್ನುಗಳನ್ನು ತೆಗೆದು ಆಗರ್ ದಂಡಕ್ಕೆ ಗ್ರೀಸ್ ತುಂಬುವುದು ಅಗತ್ಯ. ಆಗರ್ ತುಕ್ಕಿನಿಂದ ದಂಡಕ್ಕೆ ಅಂಟಿಕೊಂಡರೆ ಪಿನ್ನು ಮುರಿದೂ ಪ್ರಯೋಜನವಾಗದೆ, ಪೆಟ್ಟು ನೇರವಾಗಿ ಗೇರ್‌ಬಾಕ್ಸಿಗೆ ತಗಲುತ್ತದೆ. ಮುರಿದ ಪಿನ್ನಿನ ಬದಲು ಸಾಮಾನ್ಯ ಗಟ್ಟಿ ಬೋಲ್ಟ್ ಹಾಕಿದರೂ ಇದೇ ಹಾನಿಯಾಗುತ್ತದೆ. ಬೆಲ್ಟು, ನೆಲ ಕೆರೆಯುವ ಪಟ್ಟಿ ಮತ್ತು ಚಕ್ರದ ಗಾಳಿಯನ್ನೂ ಋತುವಿನ ಮೊದಲು ಪರೀಕ್ಷಿಸಬೇಕು.

ಸಾಮಾನ್ಯ ದೋಷಗಳು

• ಎಂಜಿನ್ ಚಾಲೂ ಆಗದಿರುವುದು: ಕೀಲಿ, ಇಂಧನದ ಕವಾಟ ಮತ್ತು ಚೋಕ್ ಸರಿಯಾದ ಸ್ಥಾನದಲ್ಲಿವೆಯೇ ಎಂದು ಮೊದಲು ನೋಡಬೇಕು. ಬಳಿಕ ಹಳೆಯ ಪೆಟ್ರೋಲು ಮತ್ತು ಒದ್ದೆಯಾದ ಅಥವಾ ಮಸಿಗಟ್ಟಿದ ಸ್ಪಾರ್ಕ್ ಪ್ಲಗ್ ಕಾರಣವೇ ಎಂದು ಪರೀಕ್ಷಿಸಬೇಕು.
• ಎಂಜಿನಿನ ವೇಗ ಏರಿಳಿಯುವುದು: ಕಾರ್ಬ್ಯುರೇಟರಿನ ರಂಧ್ರ ಭಾಗಶಃ ಮುಚ್ಚಿ ಇಂಧನ ಸಾಲದಿರುವುದು ಸಾಮಾನ್ಯ ಕಾರಣ. ಚೋಕ್ ಎಳೆದಾಗ ಮಾತ್ರ ಸರಿಯಾಗಿ ಓಡಿದರೆ ಈ ಅನುಮಾನ ಬಲವಾಗುತ್ತದೆ.
• ಸ್ವಲ್ಪ ಹೊತ್ತು ಓಡಿ ನಿಲ್ಲುವುದು: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿರಬಹುದು.
• ಆಗರ್ ತಿರುಗದಿರುವುದು: ಎರಡೂ ಬದಿ ನಿಂತಿದ್ದರೆ ಬೆಲ್ಟನ್ನು, ಒಂದೇ ಬದಿ ನಿಂತಿದ್ದರೆ ಆ ಬದಿಯ ಶಿಯರ್ ಪಿನ್ನನ್ನು ಮೊದಲು ನೋಡಬೇಕು.
• ಚ್ಯೂಟ್ ಕಟ್ಟಿಕೊಳ್ಳುವುದು: ಒದ್ದೆ ಹಿಮ, ಎಂಜಿನಿನ ಕಡಿಮೆ ವೇಗ ಅಥವಾ ಸಡಿಲ ಬೆಲ್ಟು ಕಾರಣವಾಗಿರಬಹುದು.

ಸುರಕ್ಷತೆ

ಕಟ್ಟಿಕೊಂಡ ಚ್ಯೂಟಿನೊಳಗೆ ಕೈಹಾಕಿ ಬೆರಳು ಕಳೆದುಕೊಳ್ಳುವುದು ಈ ಯಂತ್ರದಿಂದಾಗುವ ಗಂಭೀರ ಅಪಘಾತಗಳಲ್ಲಿ ಪ್ರಮುಖವಾದುದು. ಎಂಜಿನ್ ನಿಂತ ಮೇಲೂ ಒಳಭಾಗಗಳಲ್ಲಿ ಬಿಗಿತ ಉಳಿದಿರಬಹುದು. ಸಿಕ್ಕಿಕೊಂಡದ್ದು ಸಡಿಲವಾದೊಡನೆ ಅಲಗು ಥಟ್ಟನೆ ತಿರುಗುತ್ತದೆ. ಆದುದರಿಂದ ಎಂಜಿನನ್ನು ನಿಲ್ಲಿಸಿ, ಕೀಲಿ ತೆಗೆದು, ಎಲ್ಲ ಭಾಗಗಳೂ ನಿಂತ ಮೇಲೆ ಕೋಲಿನಿಂದ ಮಾತ್ರ ಹಿಮವನ್ನು ಬಿಡಿಸಬೇಕು. ಕೈಯನ್ನು ಎಂದಿಗೂ ಒಳಗಿಡಬಾರದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನನ್ನು ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಪ್ರಾಣಾಪಾಯವಾಗಬಹುದು. ಬಿಸಿಯಾಗಿರುವ ಎಂಜಿನಿಗೆ ಪೆಟ್ರೋಲು ತುಂಬಬಾರದು.