ತುಮಕೂರು ಜಿಲ್ಲೆಯ ಕ್ಷಯರೋಗ ಪರಿಶೀಲನೆ

ರೋಗಿಗೆ ನಾಲ್ಕು ಗುಣಗಳಿರಬೇಕೆಂದು ವಾಗ್ಭಟಾಚಾರ್ಯನು ‘ಅಷ್ಟಾಂಗಹೃದಯ’ದಲ್ಲಿ ಹೇಳಿದ್ದಾನೆ. ಅವನು ಧನವಂತನಾಗಿರಬೇಕು, ವೈದ್ಯನ ಮಾತಿಗೆ ಒಳಪಟ್ಟಿರಬೇಕು, ತನ್ನ ವ್ಯಾಧಿಯನ್ನು ತಿಳಿಯಹೇಳಬಲ್ಲವನಾಗಿರಬೇಕು, ಧೈರ್ಯಶಾಲಿಯಾಗಿರಬೇಕು. ಇವುಗಳಲ್ಲಿ ಮೊದಲನೆಯದು ಬಡವನಿಗಿಲ್ಲವೆಂಬುದು ಸ್ಪಷ್ಟ. ಮೂರನೆಯದೂ ಅವನಿಗಿಲ್ಲ, ಹಳ್ಳಿಗನು ತನ್ನ ರೋಗವನ್ನೇ ಅರಿಯದ ಅಜ್ಞನು ಎಂದು ವಿದ್ಯಾವಂತರು ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಕಾರ್ಯವು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನು ಒಳಗೊಂಡ ತುಮಕೂರು ಜಿಲ್ಲೆಯಲ್ಲಿಯೇ ನಡೆದುದು ಸ್ಮರಣೀಯವಾದ ಸಂಗತಿ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಮರುವರ್ಷ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು ಮದರಾಸಿನ ಸಂಶೋಧಕರು 1959ರಲ್ಲಿ ತೋರಿಸಿಕೊಟ್ಟಿದ್ದರು. ಉಳಿದ ಪ್ರಶ್ನೆ ಒಂದೇ: ಆ ಔಷಧವನ್ನು ಲಕ್ಷಾಂತರ ಹಳ್ಳಿಗಳಿಗೆ ಮುಟ್ಟಿಸುವ ಬಗೆ ಹೇಗೆ? ಇದನ್ನರಿಯಲು ಸಂಸ್ಥೆಯು 1960–61ರಲ್ಲಿ ತುಮಕೂರು ಜಿಲ್ಲೆಯ ಆಯ್ದ ಗ್ರಾಮಗಳಲ್ಲಿ ಜನರ ಎದೆಯ ಕ್ಷಕಿರಣ ಚಿತ್ರಗಳನ್ನು ತೆಗೆಸಿ, ಸಂಶಯವಿದ್ದವರ ಕಫವನ್ನು ಪರೀಕ್ಷಿಸಿತು. ಸಾವಿರಕ್ಕೆ ಸುಮಾರು ನಾಲ್ವರಲ್ಲಿ ಕ್ಷಯಾಣುಗಳು ಕಂಡುಬಂದವು.

ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿಯವರು ವೈದ್ಯಶಾಸ್ತ್ರ, ಮಾನವಶಾಸ್ತ್ರಗಳೆರಡನ್ನೂ ಅಭ್ಯಸಿಸಿದವರು. ಅವರೂ ಸ್ಟಿಗ್ ಆಂಡರ್ಸನ್ ಅವರೂ ಕೂಡಿ ಆ ರೋಗಿಗಳನ್ನು ಕುರಿತು ಪ್ರತ್ಯೇಕವಾದ ವಿಚಾರಣೆಯನ್ನು ನಡೆಸಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅದರ ಫಲಿತಾಂಶವು ಪಂಡಿತರನ್ನು ಚಕಿತಗೊಳಿಸಿತು. ಕ್ಷಯಾಣು ಪತ್ತೆಯಾದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯನ್ನರಸಿ ಆಸ್ಪತ್ರೆಗಳ ಮೆಟ್ಟಿಲನ್ನೂ ಹತ್ತಿದ್ದರು. ಆದರೆ ಅವರಿಗೆ ಅಲ್ಲಿ ದೊರೆತುದು ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆ ಮಾತ್ರ. ರೋಗಿಯು ಹೇಳಿದ್ದನು, ಕೇಳುವವರಿರಲಿಲ್ಲ.

ಇದು ಅರ್ಥಶಾಸ್ತ್ರದ ವಿಚಾರವೂ ಹೌದು. ಜನರು ಅಜ್ಞರಾದರೆ ಬೊಕ್ಕಸದ ಹಣವು ಪ್ರಚಾರಕ್ಕೂ ಊರೂರು ತಿರುಗುವ ಕ್ಷಕಿರಣ ಗಾಡಿಗಳಿಗೂ ಸಲ್ಲಬೇಕು. ಜನರು ತಾವಾಗಿಯೇ ಬರುತ್ತಿರುವರಾದರೆ ಅದು ಸಮೀಪದ ಸಾಮಾನ್ಯ ಆಸ್ಪತ್ರೆಯ ಸೂಕ್ಷ್ಮದರ್ಶಕಕ್ಕೂ ಔಷಧಕ್ಕೂ ಸಲ್ಲಬೇಕು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುವ ಈ ಸೀಮೆಯಲ್ಲಿ ತೋಟದವನಾದರೂ ಬೆಲೆಗಾಗಿ ಕಾಯಬಲ್ಲನು. ಕಾಯಿ ಸುಲಿಯುವ ಕೂಲಿಯವನು ಒಂದು ದಿನದ ಕೂಲಿಯನ್ನೂ ಬಿಡಲಾರನು. ದೂರದ ಊರಿನಲ್ಲಿ ಧರ್ಮಾರ್ಥವಾಗಿ ಕೊಡುವ ಔಷಧಕ್ಕೂ ಅವನು ಬೆಲೆ ತೆರುತ್ತಾನೆ. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಎರಡನೆಯ ಮಾರ್ಗವನ್ನೇ ಹಿಡಿಯಿತು. ಜಿಲ್ಲೆಯೇ ಅದರ ಘಟಕವಾಯಿತು. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫಪರೀಕ್ಷೆ, ಉಚಿತ ಚಿಕಿತ್ಸೆಗಳು ವಿಹಿತವಾದವು.

ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯದ ಅಧ್ಯಯನಕೇಂದ್ರವನ್ನು ಕಟ್ಟಿ, ಬಡತನಕ್ಕೂ ಆರೋಗ್ಯನೀತಿಗೂ ಇರುವ ಸಂಬಂಧದ ವಿಚಾರದಲ್ಲಿಯೇ ತಮ್ಮ ವಿದ್ಯಾಜೀವನವನ್ನು ಸವೆಸಿದರು. ಬೆಂಗಳೂರಿನ ಕಾರ್ಯದಲ್ಲಿ ಪಾಲ್ಗೊಂಡಿದ್ದ ಹಾಫ್ಡಾನ್ ಮಾಹ್ಲರ್ ಅವರು 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರ ಆಲ್ಮಾ ಆಟಾ ಘೋಷಣೆಯು ಅವರ ಕಾಲದಲ್ಲಿಯೇ ಹೊರಟಿತು.

ಆದರೆ ನೀತಿಯು ಉತ್ತಮವಾದ ಮಾತ್ರಕ್ಕೆ ಫಲವು ಕೈಗೂಡದು. ಹಣ, ಔಷಧಗಳ ಕೊರತೆಯಿಂದಾಗಿ ಚಿಕಿತ್ಸೆಯನ್ನು ಪೂರೈಸಿದವರು ಅರ್ಧಕ್ಕಿಂತ ಕಡಮೆಯೆಂದು 1992ರ ಪುನರ್ವಿಮರ್ಶೆಯು ಕಂಡುಕೊಂಡಿತು. ಪರಿಷ್ಕೃತ ಕಾರ್ಯಕ್ರಮವು 1997ರಿಂದ ವಿಸ್ತರಿಸಿತು. 2018ರಿಂದ ರೋಗಿಯ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಗಳೂ, 2024ರ ನವೆಂಬರಿನಿಂದ 1000 ರೂಪಾಯಿಗಳೂ ನಿಗದಿಯಾದವು. ವಾಗ್ಭಟನು ರೋಗಿಯಲ್ಲಿ ಬಯಸಿದ ಧನವನ್ನು ಬಡವನ ಪಾಲಿಗೆ ರಾಜ್ಯವೇ ಒದಗಿಸಬೇಕು. ವ್ಯಾಧಿಯನ್ನು ತಿಳಿಯಹೇಳುವ ಗುಣವಾದರೋ ಅವನಲ್ಲಿ ಮೊದಲಿನಿಂದಲೂ ಇದ್ದಿತೆಂಬುದಕ್ಕೆ ತುಮಕೂರಿನ ಹಳ್ಳಿಗಳೇ ಸಾಕ್ಷಿ.