ನೀರಿನ ಮೇಲೆ ತರಕಾರಿ: ಕಳೆಯೇ ಮಣ್ಣು, ಕಳೆಯೇ ಗೊಬ್ಬರ

ನಂದವರಂ ಭಾಗದ ಕಪ್ಪು ನೆಲದ ರೈತರಿಗೆ ನೀರಿನ ಕೊರತೆಯೇ ದೊಡ್ಡ ಚಿಂತೆ. ಆದರೆ ಕಾಲುವೆ ನೀರು ಬಸಿದು ತಗ್ಗು ಹೊಲ ಜೌಗಾದರೆ ಬೇರು ಕೊಳೆತು ಬೆಳೆ ಹಾಳಾಗುತ್ತದೆ. ಇಂಥ ಜೌಗಿನಲ್ಲೂ ತರಕಾರಿ ಬೆಳೆಯುವ ಪದ್ಧತಿ ಬಾಂಗ್ಲಾದೇಶದ ಗೋಪಾಲಗಂಜ್, ಪಿರೋಜ್‌ಪುರ, ಬಾರಿಸಾಲ್ ಜಿಲ್ಲೆಗಳಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಇದನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು.

ಮಾಡುವ ವಿಧಾನ: ಅಂತರಗಂಗೆಯನ್ನು (ತೆಲುಗಿನಲ್ಲಿ ಗುರ್ರಪು ಡೆಕ್ಕ) ನೀರಿನ ಮೇಲೆಯೇ ಪೇರಿಸಿ, ತುಳಿದು, ಸುಮಾರು 1 ಮೀಟರ್ ದಪ್ಪದ ಉದ್ದನೆಯ ಮಡಿ ಮಾಡುತ್ತಾರೆ. ಗಾಳಿಗೆ ಸರಿಯದಂತೆ ಗೂಟಕ್ಕೆ ಕಟ್ಟುತ್ತಾರೆ. ಮೇಲಿನ ಪದರ ಕೊಳೆತ ಮೇಲೆ ಬೆಂಡೆ, ಸೋರೆ, ಸೊಪ್ಪು ಬೆಳೆಯುತ್ತಾರೆ. ಕೊಳೆತ ಕಳೆಯನ್ನೇ ಉಂಡೆ ಕಟ್ಟಿ ಅದರಲ್ಲಿ ಸಸಿ ಎಬ್ಬಿಸುವುದೂ ಉಂಟು. ನೀರು ಇಳಿದ ಮೇಲೆ ಉಳಿದ ಮಡಿ ಹೊಲಕ್ಕೆ ಗೊಬ್ಬರವಾಗುತ್ತದೆ.

ಗಮನಿಸಬೇಕಾದ ಅಂಶಗಳು:

1. ಮಡಿ ತೇಲಲು ಬೆಳೆ ಮುಗಿಯುವವರೆಗೆ ನೀರು ನಿಂತಿರಬೇಕು. ಕೆಲವೇ ವಾರ ಜೌಗಾಗುವ ಹೊಲಕ್ಕೆ ಬಸಿಗಾಲುವೆ ತೆಗೆಯುವುದೇ ಸರಿ.

2. ಅಂತರಗಂಗೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳನ್ನು ಹೀರಿಕೊಳ್ಳುತ್ತದೆ. ಊರ ಚರಂಡಿ, ಕಾರ್ಖಾನೆ ನೀರಿನಲ್ಲಿ ಬೆಳೆದ ಕಳೆಯನ್ನು ತರಕಾರಿಗೆ ಬಳಸಬೇಡಿ.

3. ಕಳೆಯಿಲ್ಲದ ಕೆರೆಗೆ ಹಸಿ ಅಂತರಗಂಗೆ ಒಯ್ಯಬೇಡಿ. ಒಂದು ಗಿಡದಿಂದಲೇ ಕೆರೆ ಮುಚ್ಚಿಹೋದೀತು. ಈಗಾಗಲೇ ಕಳೆ ತುಂಬಿದ ಕಡೆ ಒಂದು ಸಣ್ಣ ಮಡಿಯಿಂದ ಆರಂಭಿಸಿ. ಬೆಳೆ ಕೈಗೆ ಬಾರದಿದ್ದರೂ ಕಳೆ ಕಡಿಮೆಯಾಗಿ, ಗೊಬ್ಬರ ಉಳಿಯುತ್ತದೆ.