ಕಸಿಗಣ್ಣಿಗೆ ವಿಷಬಳ್ಳಿಯ ಕಾವಲು

1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯ, ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಕೂಲಿಯೊಬ್ಬನಿಗೆ ಬಾಲಕನೊಬ್ಬನ ಕಾರ್ನಿಯಾ ಕಸಿ ಮಾಡಿದ. ಒಂದು ಕಣ್ಣಿನ ಕಸಿ ಕೈಕೊಟ್ಟಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಪರರ ಅಂಗಾಂಶವನ್ನು ಒಪ್ಪಿಕೊಳ್ಳುವಂತೆ ದೇಹವನ್ನು ಒಲಿಸುವ ಔಷಧ ಆಗ ಒಂದೂ ಇರಲಿಲ್ಲ.

ಔಷಧವಿಲ್ಲದೆಯೂ ಕಸಿ ಬಾಳಿದ್ದಕ್ಕೆ ಕಾರಣ ಕಾರ್ನಿಯಾದ ಬಡತನ. ಅಲ್ಲಿ ರಕ್ತನಾಳಗಳೇ ಇಲ್ಲ, ಹಾಗಾಗಿ ರೋಗನಿರೋಧಕ ಕಣಗಳಿಗೆ ದಾರಿಯೂ ಸುಲಭವಲ್ಲ. ಸುಟ್ಟಗಾಯ, ಸೋಂಕುಗಳಿಂದ ಕಾರ್ನಿಯಾದೊಳಕ್ಕೆ ನಾಳಗಳು ಹಬ್ಬಿದರೆ ಮಾತ್ರ ಈ ರಿಯಾಯಿತಿ ಮುಗಿಯುತ್ತದೆ. ಕಸಿ ಮಬ್ಬಾಗುವುದು ದೇಹದ ಪ್ರತಿರೋಧದಿಂದಲೂ ಆಗಬಹುದೆಂದು ಮೊಲಗಳ ಪ್ರಯೋಗದಲ್ಲಿ 1951ರಲ್ಲಿ ತೋರಿಸಿದವರು ನೇತ್ರತಜ್ಞ ಮೌಮನೀ. ಆ ದಾಳಿ ಕಸಿಯ ಒಳಪದರದ ಮೇಲೆ ಗೆರೆ ಎಳೆದಂತೆ ಸಾಗುವುದನ್ನು 1960ರ ದಶಕದಲ್ಲಿ ಗುರುತಿಸಿದವರು ನೇತ್ರತಜ್ಞ ಖೊದಾದೌಸ್ತ್. ನೇತ್ರವೈದ್ಯರು ಇಂದಿಗೂ ಆ ಗೆರೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಸ್ಟೀರಾಯ್ಡ್ ಹನಿಗಳು ಬಂದ ಮೇಲೆ ವೈದ್ಯರಿಗೆ ಉಸಿರು ಬಂತು. ಆದರೆ ವರ್ಷಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸಿಕ್ಕ ಸೈಕ್ಲೋಸ್ಪೊರಿನ್ ಮೂತ್ರಪಿಂಡದ ಕಸಿಯ ಚರಿತ್ರೆಯನ್ನೇ ಬದಲಿಸಿತು. ಎಣ್ಣೆಯ ಸ್ವಭಾವದ ಆ ಅಣು ಕಣ್ಣಿನ ಹನಿಯಾಗಿ ಒಳಗಿಳಿಯಲು ಮಾತ್ರ ಹಟ ಮಾಡಿತು.

ಬಳ್ಳಿಯ ಪ್ರವೇಶ ಇಲ್ಲಿ. ಚೀನೀಯರು ಲೇ ಗೊಂಗ್ ತೆಂಗ್, ಅಂದರೆ ಗುಡುಗು ದೇವರ ಬಳ್ಳಿ, ಎನ್ನುವ ಇದು ನಮ್ಮ ಜ್ಯೋತಿಷ್ಮತಿಯ ಕುಟುಂಬದ್ದೇ. ಅಲ್ಲಿನ ರೈತರು ಇದನ್ನು ಕೀಟ ಕೊಲ್ಲಲು ಬಳಸುತ್ತಿದ್ದರು, ವೈದ್ಯರು ಕೀಲುನೋವಿಗೆ ಕೊಡುತ್ತಿದ್ದರು. ಎರಡೂ ಒಂದೇ ಗಿಡದ ಗುಣ ಎಂಬುದನ್ನು ನೆನಪಿಡಬೇಕು. 1972ರಲ್ಲಿ ಅಮೆರಿಕದ ಮಾರಿಸ್ ಕುಪ್ಚನ್ ತಂಡ ಕ್ಯಾನ್ಸರ್ ಔಷಧ ಹುಡುಕುತ್ತಾ ಇದರಿಂದ ಟ್ರಿಪ್ಟೊಲೈಡ್ ಬೇರ್ಪಡಿಸಿತು. ರೋಗನಿರೋಧಕ ಪಡೆಯ ಟಿ-ಕಣಗಳು ಪರಸ್ಪರ ಹುರಿದುಂಬಿಸಿಕೊಳ್ಳುವ ಇಂಟರ್‌ಲ್ಯೂಕಿನ್-2 ಸಂದೇಶವನ್ನು ಅದು ತಡೆಯುತ್ತದೆಂದು 1999ರಲ್ಲಿ ಗೊತ್ತಾಯಿತು. ಕಾರ್ನಿಯಾದ ಕಣಗಳು ಉರಿಯೂತದಲ್ಲಿ ಕೊಲಾಜೆನ್ ಕರಗಿಸಿಕೊಳ್ಳುವುದನ್ನೂ ತಡೆಯುತ್ತದೆಂದು 2003ರಲ್ಲಿ ಜಪಾನಿನ ಸಂಶೋಧಕರು ಮೊಲದ ಕಣಗಳಲ್ಲಿ ಕಂಡರು. ಇಲಿಗಳ ಕಣ್ಣಿನ ಕಸಿಯಲ್ಲೂ ಅದನ್ನು ಪರೀಕ್ಷಿಸಲಾಗಿದೆ.

2011ರಲ್ಲಿ ಗುಟ್ಟು ಬಯಲಾಯಿತು. ಟ್ರಿಪ್ಟೊಲೈಡ್ ಎಕ್ಸ್‌ಪಿಬಿ ಎಂಬ ಪ್ರೋಟೀನಿಗೆ ಅಂಟಿ, ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಕೆಲಸವನ್ನೇ ನಿಲ್ಲಿಸುತ್ತದೆ. ಈ ಬರವಣಿಗೆ ಎಲ್ಲ ಕಣಗಳಿಗೂ ಬೇಕು. ಅದಕ್ಕೇ ನುಂಗಿದರೆ ಯಕೃತ್ತು, ಮೂತ್ರಪಿಂಡ, ವೀರ್ಯೋತ್ಪತ್ತಿ ಎಲ್ಲಕ್ಕೂ ಪೆಟ್ಟು. ಕಣ್ಣಿನ ಆಕರ್ಷಣೆ ಇರುವುದು ಇಲ್ಲೇ ಎಂದು ನನಗನಿಸುತ್ತದೆ: ಪುಟ್ಟ ಕೋಣೆ, ಕೈಗೆಟಕುವ ಜಾಗ, ಔಷಧವನ್ನು ಅಲ್ಲಷ್ಟೇ ಇಡಬಹುದು. ನೀರಿನಲ್ಲಿ ಕರಗದ ಅಣುವನ್ನು ನ್ಯಾನೊಕಣಗಳಲ್ಲಿ ತುಂಬುವ ಪ್ರಯತ್ನಗಳ ಹಿಂದಿರುವುದೂ ಈ ಆಸೆಯೇ.

ಈ ನಡುವೆ ಶಸ್ತ್ರಚಿಕಿತ್ಸಕರು ಬೇರೆ ದಾರಿ ಹಿಡಿದರು. ಇಡೀ ಕಾರ್ನಿಯಾ ಬದಲು ಬೇಕಾದ ಪದರವನ್ನಷ್ಟೇ ಕೂರಿಸಿದರೆ ತಿರಸ್ಕಾರ ತೀರಾ ಕಡಿಮೆ. 2021ರಲ್ಲಿ ನಟ ಪುನೀತ್ ರಾಜಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾದದ್ದು ಹೀಗೆ ಪದರ ಬಿಡಿಸಿದ್ದರಿಂದಲೇ. ಹಾಗಾಗಿ ಬಳ್ಳಿಯ ಔಷಧಕ್ಕೆ ಉಳಿಯುವುದು ನಾಳ ಹಬ್ಬಿದ, ಹಿಂದೊಮ್ಮೆ ಕಸಿ ಸೋತ ಕಣ್ಣುಗಳು. ಅಲ್ಲೂ ಒಂದು ತೊಡಕಿದೆ: ಕಸಿಯನ್ನು ತಿಳಿಯಾಗಿಡುವ ಒಳಪದರದ ಕಣಗಳು ಸತ್ತರೆ ಮರಳಿ ಹುಟ್ಟುವುದಿಲ್ಲ, ಅವಕ್ಕೂ ಆರ್‌ಎನ್‌ಎ ಬೇಕು.